ನಮ್ಮೂರ ಸೀಳಗಲ್ಲಿಗೆ ಕಥೆ ಇಲ್ಲ, ನಾವೇ ಹುಟ್ಟಿಸಬಹುದಾ?

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್. ಊರಿನಿಂದ ಹೊಳೆಗೆ ಹೋಗುವ ದಾರಿಯಲ್ಲಿ ಮನೆಯಷ್ಟು ದೊಡ್ಡ ಕೆಂಪು ಬಂಡೆ ಇದೆ. ನಟ್ಟನಡುವೆ ಸೀಳಿ ಎರಡಾಗಿದೆ. ಎಲ್ಲರೂ ಸೀಳಗಲ್ಲು ಅಂತಾರೆ. ಮಳೆಗಾಲದ ನೀರು ಆ ಸೀಳಿನಲ್ಲಿ ಶಿವರಾತ್ರಿವರೆಗೂ ನಿಲ್ಲುತ್ತದೆ. ಇದು ಯಾಕೆ ಸೀಳಿತು ಅಂತ ಮಕ್ಕಳು ಕೇಳಿದರು. ಹಿರಿಯರನ್ನು ವಿಚಾರಿಸಿದೆ, ಯಾರ ಹತ್ತಿರವೂ ಕಥೆ ಇಲ್ಲ. ಈ ವರ್ಷದ ಗ್ಯಾದರಿಂಗ್‌ಗೆ ಮಕ್ಕಳಿಂದ ಸಣ್ಣ ನಾಟಕ ಮಾಡಿಸಬೇಕು. ಭೀಮ ಗದೆಯಿಂದ ಹೊಡೆದ, ಕಲ್ಲು ಸೀಳಿತು ಅಂತ ಒಂದು ಕಥೆ ಬರೆದು ಫೋಟೋಗಳ ಜೊತೆ ಕಳಿಸಿದ್ದೇನೆ. ಇಲ್ಲದ ಪುರಾಣವನ್ನು ಹೀಗೆ ಹುಟ್ಟಿಸಬಹುದಾ? ಮಕ್ಕಳಿಗೆ ಸುಳ್ಳು ಕಲಿಸಿದಂತೆ ಆಗಲ್ವಾ?

ಉತ್ತರ: ಅಕ್ಕೋರೇ, ಧಾರಾಳವಾಗಿ ಹುಟ್ಟಿಸಿ. ಆದರೆ ಮೊದಲು ಆ ಭೀಮನನ್ನು ಮನೆಗೆ ಕಳಿಸಿಬಿಡಿ.

ಭೀಮನ ಮೇಲೆ ನನಗೇನೂ ಸಿಟ್ಟಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಅಂತ ಮೂವತ್ತು ವರ್ಷ ತಿರುಗಿ ಕಥೆ ಕೂಡಿಸಿದವನು ನಾನು. ಭೀಮನ ಹೆಜ್ಜೆ, ಭೀಮನ ಒಲೆ, ಭೀಮ ಒಗೆದ ಕಲ್ಲು ಎಷ್ಟು ನೋಡಿದೆನೋ ಲೆಕ್ಕ ಇಟ್ಟಿಲ್ಲ. ಅಜ್ಞಾತವಾಸದಲ್ಲಿ ಅಡಗಿದ್ದವನು ಊರೂರಿಗೆ ಇಷ್ಟು ಗುರುತು ಬಿಟ್ಟು ಹೋಗಿದ್ದಾನೆ, ಕೌರವರಿಗೆ ಅವನು ಸಿಗದೆ ಇದ್ದದ್ದೇ ದೊಡ್ಡ ಪವಾಡ.

ನಿಮ್ಮ ಕಥೆಯ ತೊಂದರೆ ಇಷ್ಟೇ. ಅದನ್ನು ಎತ್ತಿಕೊಂಡು ಹೋಗಿ ಪಕ್ಕದೂರಿನ ಯಾವ ಕಲ್ಲಿಗೆ ಹಾಕಿದರೂ ನಡೆಯುತ್ತದೆ. ಭೀಮನಿಗೆ ಸಿಟ್ಟು ಬಂತು, ಹೊಡೆದ, ಸೀಳಿತು. ಯಾಕೆ ಸಿಟ್ಟು ಬಂತು? ಈ ಕಲ್ಲಿಗೇ ಯಾಕೆ ಹೊಡೆದ? ಗದೆಯ ಪೆಟ್ಟಿಗೆ ಕಲ್ಲು ಪುಡಿಯಾಗಬೇಕಿತ್ತು, ಹಗ್ಗ ಹಿಡಿದು ಕೊಯ್ದಂತೆ ನೆಟ್ಟಗೆ ಯಾಕೆ ಸೀಳಿತು? ಏಳನೇ ತರಗತಿಯ ಹುಡುಗ ಈ ಮೂರು ಪ್ರಶ್ನೆ ಕೇಳಿದರೆ ಕಥೆ ಅಲ್ಲಿಗೆ ಮುಗಿಯಿತು. ಒಂದು ಜಾಗದ ಕಥೆ ಅಂದಮೇಲೆ ಅದನ್ನು ಆ ಜಾಗದಿಂದ ಕಿತ್ತರೆ ಬೇರು ಹರಿಯಬೇಕು. ನಾನು ಕಥೆ ತೂಗುವುದು ಈ ಒಂದೇ ತಕ್ಕಡಿಯಲ್ಲಿ.

ನಿಮ್ಮ ತಾಲ್ಲೂಕು ಕೇಂದ್ರದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ವಾತಾಪಿ, ಇಲ್ವಲರ ಕಥೆ ಮಕ್ಕಳಿಗೂ ಗೊತ್ತು. ವಾತಾಪಿ ಟಗರಾಗುತ್ತಾನೆ. ಅಣ್ಣ ಇಲ್ವಲ ಅದನ್ನು ಕೊಯ್ದು, ಬೇಯಿಸಿ, ಬಂದ ಬ್ರಾಹ್ಮಣರಿಗೆ ಬಡಿಸುತ್ತಾನೆ. ಉಂಡಾದ ಮೇಲೆ ‘ವಾತಾಪಿ, ಬಾ’ ಅಂತ ಕರೆದರೆ ತಮ್ಮ ಉಂಡವರ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಾನೆ. ಅಗಸ್ತ್ಯರು ಬಂದಾಗ ಆಟ ನಡೆಯಲಿಲ್ಲ. ಹೊಟ್ಟೆ ಸವರಿಕೊಂಡು ‘ಜೀರ್ಣವಾಗು’ ಅಂದರು, ಮುಗಿಯಿತು. ಈಗ ಒಂದು ಸಂಗತಿ ನೋಡಿ. ಮಹಾಭಾರತದ ವನಪರ್ವದಲ್ಲಿ ಈ ಕಥೆ ಬಂದಾಗ ಇಲ್ವಲನ ಊರು ಮಣಿಮತಿ. ನಮ್ಮ ಬಾದಾಮಿಯ ಗುಡ್ಡಗಳ ಮಾತೇ ಅಲ್ಲಿಲ್ಲ. ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ ಬಂಡೆಯ ಶಾಸನದಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಇಲ್ಲಿನ ಗುಡ್ಡಕ್ಕೆ ವಾತಾಪಿ ಅನ್ನೋ ಹೆಸರು ಆಗಲೇ ಇತ್ತು. ಕಥೆ ಎಲ್ಲಿಂದಲೋ ನಡೆದು ಬಂದು ಇಲ್ಲಿ ಬಿಡಾರ ಹೂಡಿದೆ.

ಹಾಗಾದರೆ ಅದು ಭೀಮನ ಕಥೆಯ ಹಾಗೆ ಎತ್ತಂಗಡಿ ಕಥೆಯೇ ಅಲ್ವಾ? ಅಲ್ಲ. ಒಮ್ಮೆ ಅಗಸ್ತ್ಯ ತೀರ್ಥದ ಏರಿಯ ಮೇಲೆ ನಿಂತು ನೋಡಿ. ಆ ಕಡೆ ಒಂದು ಕೆಂಪು ಗುಡ್ಡ, ಈ ಕಡೆ ಒಂದು ಕೆಂಪು ಗುಡ್ಡ. ಎದುರುಬದುರು ನಿಂತು ಒಬ್ಬರನ್ನೊಬ್ಬರು ದಿಟ್ಟಿಸುತ್ತಿವೆ. ಊರವರು ಇವೆರಡನ್ನೂ ಅಣ್ಣತಮ್ಮ ರಾಕ್ಷಸರು ಅಂತಾರೆ. ನಡುವೆ ಹೊಟ್ಟೆಯ ಹಾಗೆ ತುಂಬಿದ ಹೊಂಡ, ಅದಕ್ಕೆ ಮುನಿಯ ಹೆಸರು. ಇಬ್ಬರು ಅಣ್ಣತಮ್ಮಂದಿರು, ನಡುವೆ ಒಬ್ಬ ನುಂಗಿದವನು. ನೆಲ ಈ ಕಥೆಗೆ ಮೊದಲೇ ಜಾಗ ಬಿಟ್ಟುಕೊಂಡು ಕೂತಿತ್ತು. ಒಂದೇ ಗುಡ್ಡ ಇದ್ದಿದ್ದರೆ ಈ ಕಥೆ ಇಲ್ಲಿ ಅಂಟುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಐಹೊಳೆಯದು ಇನ್ನೂ ಮಜವಾಗಿದೆ. ಕ್ಷತ್ರಿಯರನ್ನು ಕೊಂದ ಪರಶುರಾಮ ಮಲಪ್ರಭೆಯಲ್ಲಿ ಕೊಡಲಿ ತೊಳೆದ. ನೀರು ಕೆಂಪಾಯಿತು. ನೋಡಿದ ಹೆಂಗಸು ‘ಅಯ್ಯೋ ಹೊಳಿ!’ ಅಂದಳು, ಊರು ಐಹೊಳೆ ಆಯಿತು. ಶಾಸನಗಳಲ್ಲಿ ಈ ಊರು ಅಯ್ಯಾವೊಳೆ, ಆರ್ಯಪುರ. ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘದ ಹೆಸರು ದಕ್ಷಿಣದ ಉದ್ದಗಲಕ್ಕೂ ಕಲ್ಲಿನಲ್ಲಿ ಸಿಗುತ್ತದೆ. ಅಂದರೆ ಹೆಸರು ಮೊದಲು ಬಂತು, ‘ಅಯ್ಯೋ’ ಆಮೇಲೆ ಬಂತು. ಯಾರೋ ಒಬ್ಬ ಜಾಣ ಅಥವಾ ಜಾಣೆ, ಮಳೆಗಾಲದಲ್ಲಿ ಕೆಮ್ಮಣ್ಣು ಕದಡಿ ಹರಿಯುವ ಹೊಳೆ ನೋಡಿ, ದಂಡೆಯ ಕೊಡಲಿಯಂಥ ಕಲ್ಲು ನೋಡಿ, ಊರ ಹೆಸರಿನ ಸದ್ದು ಕೇಳಿ, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಪರಶುರಾಮನನ್ನೂ ದೂರದಿಂದ ತರಬೇಕಾಗಿರಲಿಲ್ಲ. ಅದೇ ಹೊಳೆಯ ಮೇಲ್ದಂಡೆಗೆ ಸವದತ್ತಿ. ಅಲ್ಲಿ ಅವನ ತಾಯಿ ರೇಣುಕೆ, ನಮ್ಮ ಎಲ್ಲಮ್ಮ. ಮರಳಿನ ಕೊಡ ಮಾಡಿ, ಹಾವನ್ನೇ ಸಿಂಬೆ ಸುತ್ತಿ ತಲೆಯ ಮೇಲಿಟ್ಟು, ಅದೇ ಹೊಳೆಯ ನೀರು ಹೊತ್ತವಳು. ಮೇಲೆ ತಾಯಿಯ ಕಥೆ, ಕೆಳಗೆ ಮಗನ ಕಥೆ. ಹೊಳೆ ಮಣ್ಣನ್ನು ಸಾಗಿಸಿದ ಹಾಗೆ ಕಥೆಯನ್ನೂ ಸಾಗಿಸಿದೆ.

ಆ ಕೊಡ, ಸಿಂಬೆ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತವೆ. ದೇವಿಯ ಕಥೆ. ಆದರೆ ಅದರಲ್ಲಿರುವ ಸಾಮಾನು ಹೊಳೆಗೆ ಹೋಗುವ ಯಾವ ಹೆಂಗಸಿನ ತಲೆಯ ಮೇಲಾದರೂ ಕಾಣುವಂಥದ್ದು. ಕಥೆ ಕೂತದ್ದೇ ಆ ಸಾಮಾನಿನ ಬಲದಿಂದ.

ಉದ್ದ ಇರಬೇಕು ಅಂತಲೂ ಇಲ್ಲ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡದ ಸಾಲನ್ನೇ ಸೀಳಿಕೊಂಡು ಬರುತ್ತದೆ. ಅಣೆಕಟ್ಟು ಕಟ್ಟಿದ್ದು ಅಲ್ಲೇ. ನವಿಲು ಕೂಗಿ ಕರೆಯಿತು, ಗುಡ್ಡ ಒಡೆದು ಹೊಳೆ ಬಂತು ಅಂತ ಒಂದು ಮಾತಿದೆ. ಒಂದೇ ಸಾಲು, ಸಾಕು. ಬಾದಾಮಿ ಗುಡ್ಡದ ಹಿಂದೆ ನಡೆದರೆ ಸಿಡಿಲಪಡಿ ಸಿಗುತ್ತದೆ. ಕಮಾನಿನ ಹಾಗೆ ಬಾಗಿದ ದೊಡ್ಡ ಬಂಡೆ, ಅದರಲ್ಲಿ ತೂತು, ಗೋಡೆಯ ಮೇಲೆ ಇತಿಹಾಸಕ್ಕೂ ಹಿಂದಿನವರು ಬರೆದ ಚಿತ್ರ. ಸಿಡಿಲು ಬಡಿದು ಹೀಗಾಯಿತು ಅನ್ನೋದು ಕಥೆ. ಪೂರ್ತಿ ಕಥೆ ಹೆಸರಿನಲ್ಲೇ ಇದೆ. ಉತ್ತರ ಕರ್ನಾಟಕದ ಬಹಳ ಕಡೆ ಹಳೆಯ ಕಲ್ಲುಗೋರಿಗಳನ್ನು ಮೋರ್ಯರ ಮನೆ ಅಂತಾರೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸಿದ ಗೂಡು. ಅದರೊಳಗೆ ನಾವು ನಿಲ್ಲಲು ಆಗಲ್ಲ. ಹಾಗಾದರೆ ಅಲ್ಲಿದ್ದವರು ಗಿಡ್ಡ ಜನ ಇರಬೇಕು ಅಂತ ಜನ ತೀರ್ಮಾನ ಮಾಡಿದರು. ಎಷ್ಟು ಸರಳ! ಅಳತೆ ನೋಡಿ ಪಾತ್ರ ಹುಟ್ಟಿಸಿದ್ದಾರೆ.

ಈಗ ನಿಮ್ಮ ಕಲ್ಲಿಗೆ ಬರೋಣ.

ನೀವು ಪತ್ರದಲ್ಲಿ ಸೀಳು ಮತ್ತು ನೀರು ಎರಡನ್ನೇ ಬರೆದಿದ್ದೀರಿ. ಆದರೆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಾ ನಾನು ಒಂದು ಸಂಜೆ ಪೂರ್ತಿ ಕಳೆದೆ. ನೀವು ಹೇಳದೆ ಬಿಟ್ಟದ್ದೇ ಜಾಸ್ತಿ ಇದೆ. ಬಂಡೆಯ ನೆತ್ತಿಯ ಮೇಲೆ ಮೂರು ದೊಣೆ ಕಾಣುತ್ತವೆ, ಒರಳಿನ ಹಾಗೆ ದುಂಡಗೆ. ಒಂದು ಎಡಗಡೆಯ ಹೋಳಿನ ಮೇಲೆ, ಒಂದು ಬಲಗಡೆಯ ಹೋಳಿನ ಮೇಲೆ. ಮೂರನೆಯದು ಸರಿಯಾಗಿ ಸೀಳಿನ ಬಾಯಿಯಲ್ಲಿದೆ. ಅರ್ಧ ಅತ್ತ, ಅರ್ಧ ಇತ್ತ. ಆ ಅರ್ಧ ದೊಣೆಯಿಂದ ಸೀಳಿನ ಒಳಗೋಡೆಗುಂಟ ಒಂದು ಕಡುಗೆಂಪು ಪಟ್ಟೆ ಕೆಳಗೆ ಇಳಿದಿದೆ. ಇನ್ನು ಬುಡದಲ್ಲಿ, ಒಬ್ಬ ಹುಡುಗ ಕಾಲು ಚಾಚಿ ಕೂತಿದ್ದಾನಲ್ಲ, ಅವನು ಕೂತ ಹಾಸುಗಲ್ಲಿನ ಮೇಲೆ ಸಾಲು ಸಾಲು ಗೆರೆ. ಬೆರಳು ಒತ್ತಿದ ಹಾಗೆ.

ಈ ಪಟ್ಟಿಯನ್ನು ನಾನು ಮಾಡಬಾರದಿತ್ತು, ಮಕ್ಕಳು ಮಾಡಬೇಕಿತ್ತು. ಪರವಾಗಿಲ್ಲ, ಇನ್ನೂ ಕಾಲ ಮಿಂಚಿಲ್ಲ. ಒಂದು ಶನಿವಾರ ಅವರನ್ನು ಕರೆದುಕೊಂಡು ಹೋಗಿ. ಕಥೆಯ ಮಾತು ಎತ್ತಬೇಡಿ. ಸುಮ್ನೆ ಮುಟ್ಟಲಿ, ಅಳೆಯಲಿ, ತಟ್ಟಿ ಸದ್ದು ಕೇಳಲಿ. ‘ಇದು ಯಾವುದರ ಹಾಗೆ ಇದೆ?’ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರಗಳನ್ನು ಬರೆದುಕೊಳ್ಳಿ. ಒಂದು ಸಲ ನಾನು ಹೀಗೆ ಮಾಡಿಸಿದಾಗ, ನಾವೆಲ್ಲ ಆನೆ ಅಂತಿದ್ದ ಬಂಡೆಯನ್ನು ಒಬ್ಬ ಹುಡುಗಿ ‘ಸರ್, ಇದು ಬೆನ್ನು ಮಾಡಿ ಮಲಗಿದ ನಮ್ಮಜ್ಜಿ’ ಅಂದಳು. ಆ ದಿನದಿಂದ ನನಗೆ ಅಲ್ಲಿ ಆನೆ ಕಾಣಲೇ ಇಲ್ಲ.

ಇನ್ನು ಪಾತ್ರ. ದೇವರು, ಪಾಂಡವರು, ರಾಜರು ಬೇಡ. ಅವರಿಗೆ ಮೊದಲೇ ಕಥೆ ಇದೆ. ನಿಮ್ಮ ಕಲ್ಲಿಗೆ ಬಂದರೆ ತಮ್ಮ ಹಳೆಯ ಕಥೆಯ ಗಂಟನ್ನೂ ಹೊತ್ತು ತರುತ್ತಾರೆ. ನಿಮ್ಮ ಊರಿನ ಬದುಕಿನಲ್ಲಿ ಎರಡಾಗುವ ಸಂಗತಿ ಯಾವುದಿದೆ? ನಾನು ತುಂಬ ಹುಡುಕಬೇಕಾಗಲಿಲ್ಲ. ಅಣ್ಣತಮ್ಮ ಬೇರೆ ಆಗುವುದು. ನಮ್ಮ ಕಡೆ ‘ಬ್ಯಾರಿ ಆದರು’ ಅಂದರೆ ಸಾಕು, ಹತ್ತು ವರ್ಷದ ಮಗುವಿಗೂ ಪೂರ್ತಿ ಚಿತ್ರ ಕಣ್ಣಿಗೆ ಬರುತ್ತದೆ. ಹೊಲಕ್ಕೆ ಹಗ್ಗ ಹಿಡಿಯುವುದು, ಹಿರಿಯರ ಪಂಚಾಯಿತಿ, ಅಂಗಳದ ನಡುವೆ ಏಳುವ ಗೋಡೆ. ಇಬ್ಬರು ಗಂಡುಮಕ್ಕಳು, ಮೂರು ಒರಳು. ಎರಡಕ್ಕೆ ಮೂರನ್ನು ಹಂಚಲು ಬರಲ್ಲ. ಜಗಳ ತಾನಾಗೇ ಸಿಕ್ಕಿತು ನೋಡಿ!

ನಾನು ಕಟ್ಟಿದ್ದು ಹೀಗಿದೆ. ನಿಮಗೆ ಬೇಕಾದ ಹಾಗೆ ಮುರಿದು ಕಟ್ಟಿಕೊಳ್ಳಿ.

ಊರು ಇನ್ನೂ ಒಂದೇ ಮನೆ ಆಗಿದ್ದ ಕಾಲ. ಆ ಮನೆಯಲ್ಲಿ ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು. ತಾಯಿ ಅಂದರೆ ಅಂತಿಂಥ ತಾಯಿ ಅಲ್ಲ. ಅವಳು ರೊಟ್ಟಿ ಬಡಿದರೆ ಆಚೆ ದಂಡೆಯವರು ‘ಗುಡುಗು ಬಂತು’ ಅಂತ ಒಣ ಹಾಕಿದ ಬಟ್ಟೆ ತೆಗೆಯುತ್ತಿದ್ದರು. ಅವಳ ರೊಟ್ಟಿಕಲ್ಲು ಈ ಹಾಸುಗಲ್ಲು. ಅವಳ ಬೆರಳಿನ ಗುರುತು ಇನ್ನೂ ಅದರ ಮೇಲಿವೆ. ಅವಳ ಒರಳು ಈ ದೊಡ್ಡ ಬಂಡೆ. ಒಂದು ಕುಳಿ ಜೋಳಕ್ಕೆ, ಒಂದು ಅರಿಶಿಣಕ್ಕೆ, ನಡುವಿನದು ಖಾರಕ್ಕೆ.

ತಂದೆ ತೀರಿದ ಮೇಲೆ ಮಕ್ಕಳು ಬ್ಯಾರಿ ಆದರು. ಹೊಲ ಹಂಚಿದರು, ಎತ್ತು ಹಂಚಿದರು. ಬಾವಿ ಹಗ್ಗವನ್ನೂ ಅಳೆದು ಕೊಯ್ದುಕೊಂಡರು. ಆಮೇಲೆ ನೋಡಿದರೆ ಇಬ್ಬರಲ್ಲಿ ಯಾರ ಹಗ್ಗಕ್ಕೂ ನೀರು ನಿಲುಕುತ್ತಿರಲಿಲ್ಲ. ಕಡೆಗೆ ಉಳಿದದ್ದು ಒರಳು. ಜೋಳದ ಕುಳಿ ಅಣ್ಣನಿಗೆ. ಅರಿಶಿಣದ್ದು ತಮ್ಮನಿಗೆ. ನಡುವಿನದು ಯಾರಿಗೆ?

ತಾಯಿ ಆಗ ಅಲ್ಲೇ ಕೂತು ಖಾರ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಲಿಲ್ಲ. ‘ಹೊಲಾ ಹಂಚಿಕೊಂಡ್ರಿ, ಎತ್ತು ಹಂಚಿಕೊಂಡ್ರಿ. ಈ ಒರಳೊಂದು ಬಿಡ್ರೆಪಾ. ನಾ ಇಬ್ಬರ ಮನಿಗೂ ಖಾರ ಕುಟ್ಟಬೇಕು’ ಅಂದಳು. ಅಣ್ಣ ಕೇಳಲಿಲ್ಲ. ‘ನಡುವ ಹಗ್ಗ ಹಿಡಿ’ ಅಂದ. ತಮ್ಮ ಆ ತುದಿ, ಅಣ್ಣ ಈ ತುದಿ, ಒರಳಿನ ಬಾಯಿಯ ಮೇಲೇ ಹಗ್ಗ ಹಿಡಿದರು. ತಾಯಿಯ ಒನಕೆ ಮೇಲೆ ಹೋಗಿತ್ತು. ಕೆಳಗೆ ಬಂತು. ಹಗ್ಗದ ಮೇಲೇ ಬಿತ್ತು. ಹಗ್ಗ ಹಿಡಿದ ಗೆರೆಗೇ ಕಲ್ಲು ಸೀಳಿತು.

ಒರಳಿನ ಖಾರ ಒಂದು ಕಡೆ ಸೀಳಿನೊಳಗೆ ಸುರಿಯಿತು. ಇನ್ನೊಂದು ಕಡೆ ಧೂಳಾಗಿ ಎದ್ದು ಇಬ್ಬರ ಕಣ್ಣಿಗೂ ಬಿತ್ತು. ಯಾರದು ಜಾಸ್ತಿ, ಯಾರದು ಕಡಿಮೆ ಅನ್ನೋ ಹಾಗಿಲ್ಲ, ಸರಿಪಾಲು. ಇಬ್ಬರೂ ‘ಅವ್ವಾ!’ ಅಂತ ಚೀರಿದರು. ಕಣ್ಣು ಕಾಣದೆ ಕೈ ಚಾಚಿ ತಡಕಾಡಿದರು. ಅಣ್ಣನ ಕೈಗೆ ಸಿಕ್ಕಿದ್ದು ತಮ್ಮನ ಕೈ. ಬಿಟ್ಟರೆ ಸೀಳಿನಲ್ಲಿ ಬೀಳುತ್ತೇವೆ ಅಂತ ಇಬ್ಬರೂ ಗಟ್ಟಿಯಾಗಿ ಹಿಡಿದುಕೊಂಡರು. ತಾಯಿ ಹೊಳೆಯಿಂದ ತಂದ ಕೊಡ ಎತ್ತಿ ಒಂದೇ ಸಲಕ್ಕೆ ಇಬ್ಬರ ಮುಖಕ್ಕೂ ನೀರು ಹಾಕಿದಳು. ಆ ನೀರು ಕೆಳಗಿಳಿದು ಸೀಳಿನಲ್ಲಿ ನಿಂತಿತು. ಖಾರದ ಗುರುತು ಇನ್ನೂ ಗೋಡೆಯ ಮೇಲಿದೆ.

ಇಷ್ಟೇ. ಆಮೇಲೆ ಅವರು ಒಂದಾದರು ಅಂತ ನಾನು ಬರೆದಿಲ್ಲ, ಗಮನಿಸಿ. ಕಲ್ಲು ಎರಡಾಗೇ ಇದೆಯಲ್ಲ, ಒಂದಾದರು ಅಂದರೆ ಮಕ್ಕಳು ನಂಬಲ್ಲ. ಕೈ ಹಿಡಿದರು, ಅಷ್ಟೇ ಸಾಕು. ಶಾಪವನ್ನೂ ಹಾಕಿಲ್ಲ. ನಮ್ಮಲ್ಲಿ ಕಲ್ಲಿನ ಕಥೆ ಅಂದಕೂಡಲೇ ಯಾರಾದರೂ ಯಾರಿಗಾದರೂ ಶಾಪ ಕೊಡಲೇಬೇಕು, ಹೆಚ್ಚಾಗಿ ಹೆಂಗಸಿಗೆ. ಆ ಚಾಳಿ ಬಿಟ್ಟರೂ ಕಥೆ ನಡೆಯುತ್ತದೆ.

ಇದನ್ನು ಈಗ ಪಕ್ಕದೂರಿಗೆ ಎತ್ತಿಕೊಂಡು ಹೋಗಿ ನೋಡೋಣ. ಮೂರು ಕುಳಿ ಬೇಕು, ಮೂರನೆಯದು ಸೀಳಿನ ಬಾಯಿಯಲ್ಲೇ ಇರಬೇಕು, ಕೆಂಪು ಪಟ್ಟೆ ಅದರ ಕೆಳಗೇ ಇಳಿಯಬೇಕು, ಬುಡದಲ್ಲಿ ಗೆರೆಯ ಹಾಸುಗಲ್ಲು ಬೇಕು. ಸಿಗಲ್ಲ. ಹಾಗೇ ವಿಜಯಪುರದ ಕಡೆ ಹೋದರೆ ಕಥೆಯ ಜಾತಿಯೇ ಬದಲಾಗುತ್ತದೆ. ಅಲ್ಲಿ ಕೆಂಪು ಮರಳುಗಲ್ಲು ಇಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು. ಅದು ಗಾಳಿಮಳೆಗೆ ಪದರ ಪದರವಾಗಿ ಕಳಚಿ ಗುಂಡಾಗುತ್ತದೆ, ಥೇಟ್ ಉಳ್ಳಾಗಡ್ಡಿ ಸುಲಿದ ಹಾಗೆ. ತಮ್ಮ ಡೋಣಿ ಹೊಳೆಯ ಬಗ್ಗೆ ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅನ್ನೋ ಎರೆನೆಲದವರು ಆ ಕಲ್ಲಿಗೆ ಕಥೆ ಕಟ್ಟಿದರೆ ಅದರಲ್ಲಿ ಉಳ್ಳಾಗಡ್ಡಿ ಬರಬೇಕು, ಒರಳು ಬರಬಾರದು.

ನಿಮ್ಮ ಎರಡನೇ ಪ್ರಶ್ನೆ, ಸುಳ್ಳಿನದು. ನಾಟಕ ಆಡಿಸುವ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ: ಇದು ನಾವು ಕಟ್ಟಿದ ಕಥೆ. ಅವರಿಗೆ ಏನೂ ಬೇಜಾರಾಗಲ್ಲ. ಕಟ್ಟೆಯ ಮೇಲೆ ಕೂತು ಸುಳ್ಳು ಪೋಣಿಸುವುದರಲ್ಲಿ ಅವರು ನಮಗಿಂತ ಮುಂದೆ ಇದ್ದಾರೆ. ಕಲ್ಲಿನ ನಿಜವಾದ ಸಂಗತಿಯನ್ನೂ ಅದೇ ವಾರ ಹೇಳಿ. ಎರಡೂ ಒಟ್ಟಿಗೆ ಇದ್ದರೆ ಒಂದು ಇನ್ನೊಂದನ್ನು ಕೆಡಿಸಲ್ಲ.

ಆ ಸಂಗತಿ ಹೀಗಿದೆ. ನಿಮ್ಮ ಸುತ್ತಲಿನ ಕೆಂಪು ಕಲ್ಲು ಮರಳುಗಲ್ಲು. ಭೂವಿಜ್ಞಾನಿಗಳು ಈ ಶಿಲೆಗಳ ಗುಂಪಿಗೆ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ, ನಿಮ್ಮದೇ ಜಿಲ್ಲೆಯ ಕಲಾದಗಿ. ಇದು 50 ಕೋಟಿ ವರ್ಷಕ್ಕಿಂತ ತುಂಬ ಹಿಂದಿನದು. ಆಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಹರಿಯುವ ನೀರು, ಆಳವಿಲ್ಲದ ನೀರು ತಂದು ಹಾಕಿದ ಮರಳು ಪದರ ಪದರವಾಗಿ ಕೂತು, ಒತ್ತಿ, ಗಟ್ಟಿಯಾಗಿ ಕಲ್ಲಾಯಿತು. ಕೆಂಪು ಬಣ್ಣ ಕಬ್ಬಿಣದ್ದು, ತುಕ್ಕಿನ ಬಣ್ಣ. ನೀರು ಇಳಿಯುವ ದಾರಿಯಲ್ಲಿ ಅದು ಜಾಸ್ತಿ ಕೂತರೆ ನಿಮ್ಮ ‘ಖಾರದ ಪಟ್ಟೆ’ ಆಗುತ್ತದೆ. ಸೀಳು ಬಂದದ್ದು ಕಲ್ಲಿನೊಳಗೆ ಮೊದಲೇ ಇದ್ದ ಬಿರುಕಿನಿಂದ. ನೆಲದ ಒತ್ತಡಕ್ಕೆ ಮರಳುಗಲ್ಲಿನಲ್ಲಿ ಇಂಥ ನೆಟ್ಟನೆ ಬಿರುಕು ಬೀಳುತ್ತವೆ. ಮಳೆನೀರು ಅದರಲ್ಲಿ ಇಳಿದು ಕಾಳು ಕಾಳಾಗಿ ಸವೆಸುತ್ತದೆ, ಹಗಲಿನ ಕಾವಿಗೆ ಕಲ್ಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಗಿಡದ ಬೇರು ನುಗ್ಗುತ್ತದೆ. ದೊಣೆಗಳೂ ಹಾಗೇ. ತಗ್ಗಿನಲ್ಲಿ ನಿಂತ ನೀರು ಕಲ್ಲನ್ನು ಮೆತ್ತಗೆ ಮಾಡಿ ತಗ್ಗನ್ನೇ ದೊಡ್ಡದು ಮಾಡುತ್ತದೆ. ಹೊಳೆಯ ಪಾತ್ರದಲ್ಲಾದರೆ ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ತಿರುಗಿ ತಿರುಗಿ ಕೊರೆಯುತ್ತವೆ.

ನನಗೆ ತುಂಬ ಇಷ್ಟವಾದದ್ದು ಹಾಸುಗಲ್ಲಿನ ಗೆರೆ. ಅವು ಆ ಕಾಲದ ನೀರಿನ ಅಲೆ. ಮರಳಿನ ಮೇಲೆ ನೀರು ಹೋದಾಗ ಮೂಡುವ ಸುಕ್ಕು ಹಾಗೇ ಕಲ್ಲಾಗಿ ಉಳಿದಿದೆ. ಮಕ್ಕಳಿಗೆ ಬೆರಳಾಡಿಸಲು ಹೇಳಿ. ಗೆರೆಯ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕಡಿದಾಗಿದ್ದರೆ ಅಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಇಳಿಜಾರಿನ ಕಡೆಯಿಂದ ಕಡಿದಾದ ಕಡೆಗೆ. ಎರಡೂ ಕಡೆ ಒಂದೇ ಥರ ಇದ್ದರೆ ನೀರು ಹೋಗಿ ಬಂದು ತೂಗಾಡುತ್ತಿತ್ತು. ಹೊಳೆ ಈಗ ಎತ್ತ ಹರಿಯುತ್ತದೆ, ಆಗ ನೀರು ಎತ್ತ ಹರಿಯುತ್ತಿತ್ತು ಅಂತ ಹೋಲಿಸಲಿ. ಒಂದು ಪಾಠಕ್ಕೆ ಇಷ್ಟು ಸಾಲದಾ?

ಕಟ್ಟುಕಥೆ ಅಂತ ಹೇಳಿಬಿಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೇ ಒಮ್ಮೆ ಜಾರಿ ಬಿದ್ದಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಊರ ಜಾತ್ರೆಯ ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ಊರ ಪಕ್ಕದ ಝರಿಗೆ ಕಥೆ ಇರಲಿಲ್ಲ. ಎರಡು ಪುಟ ತುಂಬಬೇಕಿತ್ತು. ಹರಯದ ಹುರುಪು, ಒಂದು ರಾತ್ರಿ ಕೂತು ಕಥೆ ಕಟ್ಟಿದೆ. ‘ಹಿರಿಯರು ಹೇಳುವಂತೆ’ ಅಂತ ಶುರು ಮಾಡಿದೆ. ಅಲ್ಲೇ ತಪ್ಪಿದ್ದು. ಹನ್ನೊಂದು ವರ್ಷ ಆದ ಮೇಲೆ ಒಬ್ಬ ವಿದ್ಯಾರ್ಥಿ ಕ್ಷೇತ್ರಕಾರ್ಯದ ಕ್ಯಾಸೆಟ್ ತಂದು ಕೇಳಿಸಿದ. ಎಂಬತ್ತು ದಾಟಿದ ಅಜ್ಜ, ನಡುಗುವ ದನಿ, ನನ್ನ ಕಥೆ! ‘ನಮ್ಮ ಮುತ್ಯಾ ಹೇಳತಿದ್ದ’ ಅಂತಾನೆ. ನಾನು ಸೇರಿಸದೆ ಇದ್ದ ಒಂದು ಕುದುರೆಯೂ ಬಂದುಬಿಟ್ಟಿತ್ತು. ಕುದುರೆ ನನ್ನದಕ್ಕಿಂತ ಚೆನ್ನಾಗಿತ್ತು, ಅದು ಬೇರೆ ಮಾತು. ಆ ಹುಡುಗನಿಗೆ ನಿಜ ಹೇಳಿದೆ. ಅವನು ಪೆಚ್ಚಾದ, ನಾನು ಅವನಿಗಿಂತ ಪೆಚ್ಚಾದೆ. ಝರಿಯ ಹತ್ತಿರ ಅಷ್ಟರಲ್ಲಿ ‘ಸಾವಿರ ವರ್ಷದ ಇತಿಹಾಸ’ ಅಂತ ಬೋರ್ಡ್ ಬಿದ್ದಿತ್ತು.

ಅದಕ್ಕೇ ನಾಟಕದ ಹಾಳೆಯ ಮೇಲೆ ಇಸವಿ ಹಾಕಿ, ಯಾವ ತರಗತಿಯವರು ಕಟ್ಟಿದ್ದು ಅಂತ ಬರೆಯಿರಿ, ಒಂದು ಪ್ರತಿ ಶಾಲೆಯ ಕಪಾಟಿನಲ್ಲಿ ಇಡಿ. ಆಡುವ ಮೊದಲು ವೇದಿಕೆಯ ಮೇಲೂ ಹೇಳಿಸಿ. ಐವತ್ತು ವರ್ಷದ ಮೇಲೆ ಯಾರಾದರೂ ಹುಡುಕಿಕೊಂಡು ಬಂದರೆ ಅವರಿಗೆ ನಿಮ್ಮ ಕಪಾಟು ಸಿಗಲಿ.

ಕೆಲವನ್ನು ಮಾತ್ರ ಕಥೆಯೊಳಗೆ ಬಿಟ್ಟುಕೊಳ್ಳಲೇಬೇಡಿ. ಮೊದಲನೆಯದು ನಿಧಿ. ಬಂಡೆಯ ಕೆಳಗೆ ಏಳು ಕೊಪ್ಪರಿಗೆ ಬಂಗಾರ ಇದೆ ಅಂತ ತಮಾಷೆಗೆ ಒಂದು ಸಾಲು ಹಾಕಿದರೂ ಅಮಾವಾಸ್ಯೆ ರಾತ್ರಿ ಗುದ್ದಲಿ, ಲಿಂಬೆಹಣ್ಣು ಹಿಡಿದುಕೊಂಡು ಜನ ಬರುತ್ತಾರೆ. ನಿಧಿಯ ಆಸೆಗೆ ಬುಡ ಅಗೆದ ಗುಡಿ, ವೀರಗಲ್ಲು ನಾನು ಸಾಕಷ್ಟು ಕಂಡಿದ್ದೇನೆ. ಎರಡನೆಯದು, ಆ ನೀರು ಕುಡಿದರೆ ರೋಗ ಹೋಗುತ್ತದೆ ಅನ್ನೋ ಮಾತು. ಆರು ತಿಂಗಳು ನಿಂತ ನೀರು ಅದು, ಮಕ್ಕಳು ಕುಡಿದುಬಿಡುತ್ತಾರೆ. ಜಾತಿ, ಮತದ ಹೆಸರು ಹಿಡಿದು ಒಬ್ಬರನ್ನು ಕೆಟ್ಟವರನ್ನಾಗಿ ಮಾಡುವುದೂ ಬೇಡ. ಕಥೆ ಮರೆತರೂ ಆ ಚುಚ್ಚು ಉಳಿಯುತ್ತದೆ. ಬಂಡೆಗೆ ಬಣ್ಣ ಬಳಿದು, ಕುಂಕುಮ ಹಚ್ಚಿ, ಕಟ್ಟೆ ಕಟ್ಟಿಸಲು ಯಾರಾದರೂ ಮುಂದಾದರೆ ಮೆಲ್ಲಗೆ ತಡೆಯಿರಿ. ನಿಮ್ಮ ಕಡೆಯ ಬಂಡೆಗಳಲ್ಲಿ ಹಳೆಯ ಚಿತ್ರ ಎಲ್ಲಿ ಅಡಗಿದೆಯೋ ಹೇಳಲು ಬರಲ್ಲ. ಹತ್ತಿರದಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ ಇದ್ದರಂತೂ ಅದರ 100 ಮೀಟರ್ ಒಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ, ಕಾನೂನೇ ಇದೆ.

ನಾಟಕದ ಬಗ್ಗೆ ಎರಡೇ ಮಾತು. ತಾಯಿಯ ಪಾತ್ರಕ್ಕೆ ಚೆನ್ನಾಗಿ ಹಾಡುವ ಹುಡುಗಿಗಿಂತ ಒನಕೆ ಹಿಡಿದು ಕುಟ್ಟಲು ಬರುವ ಹುಡುಗಿಯನ್ನು ಆರಿಸಿ. ಆ ಕೈಯ ಓಟ ಸುಳ್ಳಾದರೆ ಮುಂದೆ ಕೂತ ಅಜ್ಜಿಯರು ನಕ್ಕುಬಿಡುತ್ತಾರೆ. ಖಾರಕ್ಕೆ ನಿಜವಾದ ಖಾರ ಬೇಡ, ಇಟ್ಟಿಗೆ ಪುಡಿಯೂ ಬೇಡ. ಕಣ್ಣಿಗೆ ಹೋದರೆ ನಾಟಕ ನಿಜವಾಗಿಬಿಡುತ್ತದೆ. ಕೆಂಪು ಬಣ್ಣ ಬೆರೆಸಿದ ಜೋಳದ ಹಿಟ್ಟನ್ನು ಸೀಳಿನೊಳಗೆ ಸುರಿದರೆ ಸಾಕು. ಕಣ್ಣುರಿಯನ್ನು ಹುಡುಗರು ಅಭಿನಯದಲ್ಲೇ ತೋರಿಸಲಿ.

ಇನ್ನೊಂದು ಕೆಲಸ ಬಾಕಿ ಇದೆ. ನೀರು ಸೀಳಿಗೆ ಹೇಗೆ ಬಂತು ಅಂತ ನನ್ನ ಕಥೆ ಹೇಳುತ್ತದೆ. ಆದರೆ ಶಿವರಾತ್ರಿ ಆದಕೂಡಲೇ ಅದು ಯಾಕೆ ಬತ್ತುತ್ತದೆ, ಮಳೆಗಾಲಕ್ಕೆ ಮತ್ತೆ ಯಾಕೆ ಬರುತ್ತದೆ ಅನ್ನೋದನ್ನು ಹೇಳಲ್ಲ. ತಾಯಿ ಬಂದು ಕೊಡ ತುಂಬಿಕೊಂಡು ಹೋಗುತ್ತಾಳೋ, ಅಣ್ಣತಮ್ಮ ಮತ್ತೆ ಜಗಳಕ್ಕೆ ಬೀಳುತ್ತಾರೋ, ನನಗೆ ಎರಡೂ ಸರಿ ಕಾಣಲಿಲ್ಲ. ಏಳನೇ ತರಗತಿಯವರನ್ನು ಕೇಳಿ, ಅವರು ಏನು ಹೇಳಿದರು ಅಂತ ನನಗೂ ಬರೆಯಿರಿ.